ಗಲ್ಲಾ ಮುಂದೆ ನಿಂತು ಹೇಳಿ
(ರಾಷ್ಟ್ರೀಯ ಗ್ರಾಹಕರ ದಿನ ಬಳ್ಳಾರಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಗ್ರಾಹಕರ ದಿನದ ಭಾಷಣ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಎಂಆರ್‌ಪಿ ನೋಡಿ, ಎಕ್ಸ್‌ಪೈರಿ ನೋಡಿ, ಬಿಲ್ ಕೇಳಿ. ನನಗಿಂತ ಮುಂಚೆ ಮಾತಾಡಿದವರು ಅದನ್ನೆಲ್ಲ ಹೇಳಿ ಆಯ್ತು. ನಾನು ಬೇರೆ ಪ್ರಶ್ನೆ ಎತ್ತಿಕೊಳ್ತೀನಿ. ಅಂಗಡಿಯವನು ನಿಮಗೆ ಸರಿಯಾಗಿ ತೂಗಿ ಕೊಟ್ಟ, ಬಿಲ್ಲೂ ಕೊಟ್ಟ. ನಿಮ್ಮ ಹಿಂದೆ ನಿಂತಿದ್ದ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳಿಗೆ ಮಾತ್ರ ‘ಆಚೆ ನಡಿ’ ಅಂದ. ಮರುದಿನ ನೀವು ಅದೇ ಅಂಗಡಿಗೆ ಹೋಗ್ತೀರಾ?

ಹೋಗಬಾರದು ಅನ್ನೋದು ನನ್ನ ಮಾತು. ಆದರೆ ಬಿಡೋ ಮುಂಚೆ ಒಂದು ಕೆಲಸ ಇದೆ. ಯಾಕೆ ಬರಲ್ಲ ಅಂತ ಗಲ್ಲಾ ಮುಂದೆ ನಿಂತು ಹೇಳಬೇಕು. ಹೇಳದೆ ಬಿಟ್ಟರೆ ಅದು ಬಹಿಷ್ಕಾರ ಅಲ್ಲ, ಬರೀ ಗೈರುಹಾಜರಿ.

ನಮ್ಮೂರಿನ ಒಂದು ಹೋಟೆಲ್ ಕಥೆ ಹೇಳ್ತೀನಿ. ಹೆಸರು ಬೇಡ. ಉಗ್ಗಾಣಿ, ಮಿರ್ಚಿ ಚೆನ್ನಾಗಿ ಮಾಡ್ತಾರೆ ಅಂದರೆ ಸಾಕು, ಇಲ್ಲಿ ಅರ್ಧ ಜನ ‘ನಮ್ಮ ಓಣಿ ಹೋಟೆಲ್ಲೇ’ ಅಂದುಕೊಳ್ತೀರಿ. ಬೆಳಿಗ್ಗೆ ನಮ್ಮದೊಂದು ಗುಂಪು ಅಲ್ಲಿ ಕೂರುತ್ತೆ. ಒಂದು ದಿನ ಪರಿಚಯದ ಹೆಣ್ಣುಮಗಳೊಬ್ಬಳು ಬಂದಳು. ಟ್ರಾನ್ಸ್‌ಜೆಂಡರ್. ಜೀನ್ಸ್ ಯೂನಿಟ್‌ನಲ್ಲಿ ಗುಂಡಿ ಹಾಕೋ ಕೆಲಸ. ಕುರ್ಚಿ ಎಳೆದುಕೊಂಡಳು, ಅಷ್ಟೇ. ಮಾಲೀಕರು ಗಲ್ಲಾದಿಂದಲೇ, ‘ಯವ್ವಾ, ಪಾರ್ಸಲ್ ಕಟ್ಟಿಸಿ ಕೊಡ್ತೀನಿ, ಹೊರಗ ನಿಲ್ಲು’ ಅಂದರು. ಬೈಗುಳ ಇಲ್ಲ, ಏರುದನಿ ಇಲ್ಲ. ‘ಯವ್ವಾ’ ಅಂತಲೇ ಕರೆದರು. ಅವಳು ಕುರ್ಚಿಯನ್ನ ಮೊದಲಿದ್ದ ಜಾಗಕ್ಕೇ ಸರಿಸಿ ಹೊರಗೆ ಹೋಗಿ ನಿಂತಳು. ಪೇಪರ್ ಪೊಟ್ಟಣದಲ್ಲಿ ಉಗ್ಗಾಣಿ ಬಂತು. ದುಡ್ಡು ಮಾತ್ರ ನಮ್ಮಷ್ಟೇ!

ಇದೇ ಮಾಲೀಕರು ಮಂಗಳವಾರ, ಶುಕ್ರವಾರ ಪಡ್ಡಲಿಗೆ, ಅಂದರೆ ದೇವಿಯ ಬುಟ್ಟಿ, ಹೊತ್ತ ಜೋಗಪ್ಪ (ಅವರೂ ದೇವಿಗೆ ಮುಡಿಪಾದ ಟ್ರಾನ್ಸ್‌ಜೆಂಡರ್ ಜನವೇ) ಬಾಗಿಲಿಗೆ ಬಂದರೆ ಎದ್ದು ನಿಂತು ಕೈ ಮುಗಿದು ಹತ್ತು ರೂಪಾಯಿ ಹಾಕ್ತಾರೆ, ಭಂಡಾರ ಹಚ್ಚಿಸಿಕೊಳ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೂ ಹೋಗಿ ಬರ್ತಾರೆ. ಆಶೀರ್ವಾದ ಬೇಕು, ಪಕ್ಕದ ಕುರ್ಚಿಯಲ್ಲಿ ಮಾತ್ರ ಬೇಡ. ನಾವೂ ಅಷ್ಟೇ ಬಿಡಿ. ನಮ್ಮ ಕಲ್ಲುಕಂಬದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ನಮ್ಮವರು, ನಮ್ಮವರು ಅಂತು.

ಕೈ ತೊಳೆದುಕೊಂಡು ಗಲ್ಲಾ ಹತ್ತಿರ ಹೋದೆವು. ಕೇಳಿದೆವು. ಅವರು, ‘ನನಗೇನಿಲ್ಲ ಸಾರ್, ಗಿರಾಕಿ ಏನಂತಾರೋ ಅಂತ’ ಅಂದರು. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ‘ಗಿರಾಕಿ ಅಂದ್ರ ನಾವೇ ಅಲ್ಲೇನಪಾ? ನಾವೇನೂ ಅಂದಿಲ್ಲಲ್ಲ’ ಅಂದರು. ಮಾಲೀಕರು ಚಿಲ್ಲರೆ ಎಣಿಸೋಕೆ ಶುರು ಮಾಡಿದರು. ಅವಳನ್ನ ಒಳಗೆ ಕೂರಿಸೋವರೆಗೂ ನಾವು ಬರಲ್ಲ ಅಂತ ಹೇಳಿ ಬಂದೆವು. ನಿಜ ಹೇಳ್ತೀನಿ, ಆ ದಿನಗಳು ಕಷ್ಟದವು. ಎದುರಿನ ಹೋಟೆಲ್‌ನಲ್ಲಿ ಮಿರ್ಚಿ ಅಂದರೆ ಬರೀ ಹಿಟ್ಟು. ಕೊನೆಗೆ ಅವರೇ ಫೋನ್ ಮಾಡಿ ಕರೆದರು. ಈಗ ಅವಳು ಒಳಗೇ ಕೂತು ತಿಂತಾಳೆ. ಆದರೆ ಕೈ ತೊಳೆಯೋ ಜಾಗದ ಪಕ್ಕದ ಟೇಬಲ್ಲೇ ತೋರಿಸ್ತಾರೆ. ಹಾಗಾಗಿ ನಮ್ಮ ಜಗಳ ಇನ್ನೂ ಮುಗಿದಿಲ್ಲ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಒಳಗೆ ಬಿಡದೆ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್ ಹೆಸರು ಹಿಡಿದೇ ಹೇಳುತ್ತೆ. ಅಲ್ಲಿರೋ ಲಿಂಗ ಅನ್ನೋದರಲ್ಲಿ ಲಿಂಗತ್ವದ ಗುರುತೂ ಸೇರುತ್ತೆ ಅಂತ ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಹೇಳಿತು. 2019ರಲ್ಲಿ ಟ್ರಾನ್ಸ್‌ಜೆಂಡರ್ ಕಾಯ್ದೆ ಬಂತು. ಆದರೆ ಒಂದು ಪ್ಲೇಟ್ ಉಗ್ಗಾಣಿಗೆ ಯಾರು ಕೋರ್ಟ್ ಮೆಟ್ಟಿಲು ಹತ್ತುತ್ತಾರೆ? ಅದೂ ದಿನಗೂಲಿ ಬಿಟ್ಟು? ಗಲ್ಲಾ ಹತ್ತಿರ ಇದೆ, ಕೋರ್ಟ್ ದೂರ ಇದೆ.

ಬಹಿಷ್ಕಾರ ಅಂದ ಕೂಡಲೇ ಕೆಲವರು ಮುಖ ಸಿಂಡರಿಸ್ತಾರೆ. ಅವರ ಅನುಮಾನ ಸುಳ್ಳಲ್ಲ. ನಮ್ಮ ಭಾಗದಲ್ಲಿ ಈ ಆಯುಧ ಯಾವತ್ತೂ ಬಲಿಷ್ಠರ ಕೈಯಲ್ಲೇ ಇತ್ತು. ಗಂಗಾವತಿ ತಾಲ್ಲೂಕಿನ ಮರಕುಂಬಿ ನೆನಪಿದೆಯಲ್ಲ? 2014ರಲ್ಲಿ ದಲಿತರ ಕೇರಿಗೆ ಬೆಂಕಿ ಬಿತ್ತು. ಅದರ ಹಿಂದೆ ಇದ್ದದ್ದೂ ಹೋಟೆಲ್ ಒಳಗೆ ಬಿಡಲ್ಲ, ಕ್ಷೌರ ಮಾಡಲ್ಲ ಅನ್ನೋ ಜಗಳವೇ. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನೊಂದು ನೋಡಿ. 2021ರಲ್ಲಿ ಡಾಬರ್ ಕಂಪನಿ ಇಬ್ಬರು ಹೆಂಗಸರು ಜೋಡಿಯಾಗಿ ಕರ್ವಾ ಚೌತ್, ಅಂದರೆ ಉತ್ತರ ಭಾರತದಲ್ಲಿ ಹೆಂಡತಿ ಗಂಡನಿಗಾಗಿ ಮಾಡೋ ಉಪವಾಸದ ವ್ರತ, ಮಾಡೋ ಜಾಹೀರಾತು ತಂದಿತು. ಗಲಾಟೆ ಆಯ್ತು, ಮಂತ್ರಿಯೊಬ್ಬರು ಕೇಸಿನ ಮಾತಾಡಿದರು, ಜಾಹೀರಾತು ವಾಪಸ್ ಹೋಯ್ತು. ಅಂದರೆ ನಮ್ಮ ವಿರುದ್ಧ ಇರೋರು ಗಲ್ಲಾ ಮುಂದೆ ನಿಂತು ಹೇಳೋದನ್ನ ಚೆನ್ನಾಗಿ ಕಲಿತಿದ್ದಾರೆ. ಕಲಿಯದೆ ಉಳಿದವರು ನಾವು.

ಹೊರದೇಶದ್ದೂ ಒಂದು ಹೇಳಿಬಿಡ್ತೀನಿ. ಇಟಲಿಯ ಬರಿಲ್ಲಾ ಅನ್ನೋ ಪಾಸ್ತಾ ಕಂಪನಿಯ ಅಧ್ಯಕ್ಷರು 2013ರಲ್ಲಿ ರೇಡಿಯೋದಲ್ಲಿ, ಸಲಿಂಗಿ ಕುಟುಂಬವನ್ನ ನಮ್ಮ ಜಾಹೀರಾತಿನಲ್ಲಿ ತೋರಿಸಲ್ಲ, ಬೇಡ ಅನ್ನೋರು ಬೇರೆ ಪಾಸ್ತಾ ತಿನ್ನಲಿ ಅಂದರು. ಜನ ಬೇರೆ ಪಾಸ್ತಾ ತಿನ್ನೋಕೆ ಹೊರಟರು! ಅಧ್ಯಕ್ಷರು ಕ್ಷಮೆ ಕೇಳಿದರು, ಕಂಪನಿಯ ನಿಯಮಗಳೂ ಬದಲಾದವು. ನಾವು ಬಳ್ಳಾರಿಯವರು ಪಾಸ್ತಾವನ್ನ ಸುಲಭವಾಗಿ ಬಹಿಷ್ಕಾರ ಮಾಡಬಹುದು, ತಿನ್ನೋದೇ ಇಲ್ವಲ್ಲ. ಅದಕ್ಕೇ ದಿನಾ ತಿನ್ನೋ ಉಗ್ಗಾಣಿ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದು.

ಚೀಟಿ ಬಂತು. ಐದು ನಿಮಿಷ ಅಂತೆ. ಎರಡು ನಿಮಿಷದಲ್ಲಿ ಮುಗಿಸ್ತೀನಿ, ಸುಮ್ನೆ ಅಧ್ಯಕ್ಷರ ಬಿಪಿ ಏರಿಸೋದು ಬೇಡ.

ಜೀನ್ಸ್ ಯೂನಿಟ್‌ಗಳ ವಿಷಯ ಬೇರೆ. ಅಲ್ಲಿ ಪೀಸ್ ಲೆಕ್ಕದಲ್ಲಿ ಕೂಲಿ. ನಾವು ಪ್ಯಾಂಟ್ ಬೇಡ ಅಂದರೆ ಮೊದಲ ಹೊಡೆತ ಹೊಲಿಯೋರಿಗೆ, ಅಂದರೆ ಗುಂಡಿ ಹಾಕೋ ನಮ್ಮ ಹೆಣ್ಣುಮಗಳಿಗೇ. ಅಲ್ಲಿ ಕೆಲಸ ಮಾಡೋರನ್ನ ಮೊದಲು ಕೇಳಿ. ಅವರು ಬೇಡ ಅಂದರೆ ಬಹಿಷ್ಕಾರ ಬೇಡ.

ಗೇ, ಲೆಸ್ಬಿಯನ್ ಹುಡುಗ ಹುಡುಗಿಯರನ್ನ ಅಂಗಡಿಯವರು ಗುರುತೇ ಹಿಡಿಯಲ್ಲ. ಅವರಿಗೆ ತೊಂದರೆ ಕೆಲಸದ ಜಾಗದಲ್ಲಿ ಜಾಸ್ತಿ. ಇದನ್ನ ವಿವರವಾಗಿ ಹೇಳಬೇಕಿತ್ತು, ಟೈಮ್ ಇಲ್ಲ.

ಬಾಡಿಗೆ ಮನೆ ವಿಷಯದಲ್ಲಿ ಬಹಿಷ್ಕಾರ ನಡೆಯಲ್ಲ. ಮನೆ ಮಾಲೀಕರಿಗೆ ಗಲ್ಲಾನೇ ಇಲ್ಲ! ಅಲ್ಲಿ ಕಾನೂನೇ ಗತಿ. ಆಗ ಹೇಳಿದ ಟ್ರಾನ್ಸ್‌ಜೆಂಡರ್ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಬಾಡಿಗೆಯ ಮಾತೂ ಇದೆ. ದೂರು ಹೇಗೆ ಬರೆಯಬೇಕು ಅಂತ ನನ್ನ ಪಕ್ಕ ಕೂತಿರೋ ವಕೀಲರು ಹೇಳ್ತಾರೆ. ಮೇಡಂ, ಮೈಕ್ ತಗೊಳ್ಳಿ.