ಯಾವುದರೊಡನೆ ಹೋಲಿಸಿದಿರಿ?

ಎಲ್ಲರಿಗೂ ನಮಸ್ಕಾರ. ಅಂತಿಮ ವರ್ಷದ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ವಿದ್ಯಾರ್ಥಿಗಳು ತಪ್ಪದೆ ಹೇಳುವ ಮಾತೊಂದಿದೆ: "ಸರ್, ನಮ್ಮದು ತೀರಾ ಸಣ್ಣ ಕೆಲಸ, ಹತ್ತು ಹನ್ನೆರಡು ಮಾದರಿ ಅಷ್ಟೇ." ಮಾದರಿ ಕಡಿಮೆ ಎಂದು ಸಂಕೋಚಪಡಬೇಡಿ. ನಾನು ಕೇಳುವುದೇ ಬೇರೆ. ಯಾವುದರೊಡನೆ ಹೋಲಿಸುತ್ತೀರಿ? ಇದಕ್ಕೆ ಉತ್ತರವಿಲ್ಲದಿದ್ದರೆ ಸಾವಿರ ಮಾದರಿ ತಂದರೂ ಪ್ರಯೋಜನವಿಲ್ಲ.

1747ರಲ್ಲಿ ಬ್ರಿಟನ್ನಿನ ಸಾಲಿಸ್‌ಬರಿ ಎಂಬ ಯುದ್ಧನೌಕೆಯ ವೈದ್ಯ ಜೇಮ್ಸ್ ಲಿಂಡ್ ಆರಿಸಿಕೊಂಡದ್ದು ಸ್ಕರ್ವಿ, ಅಂದರೆ ಸಿ ವಿಟಮಿನ್ ಕೊರತೆಯ ರೋಗ, ತಗುಲಿದ 12 ನಾವಿಕರನ್ನು ಮಾತ್ರ. ಎಲ್ಲರಿಗೂ ವಸಡು ಕೊಳೆತಿತ್ತು, ಮೈಮೇಲೆ ಕಲೆಗಳೆದ್ದಿದ್ದವು, ಮೊಣಕಾಲು ಸೋತಿತ್ತು. ಅವರನ್ನೆಲ್ಲ ಒಂದೇ ಕಡೆ ಮಲಗಿಸಿ, ಒಂದೇ ಬಗೆಯ ಊಟ ಕೊಟ್ಟು, ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಸೇಬಿನ ಮದ್ಯ, ಹೀಗೆ. ಒಂದು ಜೋಡಿಗೆ ದಿನಕ್ಕೆ ತಲಾ ಎರಡು ಕಿತ್ತಳೆ, ಒಂದು ನಿಂಬೆ. ಆರೇ ದಿನಕ್ಕೆ ಹಣ್ಣಿನ ದಾಸ್ತಾನು ಮುಗಿಯಿತು. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳುವಂತಾಗಿದ್ದ. ಇನ್ನೊಬ್ಬ ಉಳಿದ ರೋಗಿಗಳ ಆರೈಕೆಗೆ ನಿಂತಿದ್ದ. ಊಟವೂ ಜಾಗವೂ ಒಂದೇ ಆಗಿದ್ದುದರಿಂದ ಗುಣ ಹಣ್ಣಿನದೇ ಎನ್ನಲು ದಾರಿಯಾಯಿತು. ಆದರೂ ಲಿಂಡ್ 1753ರಲ್ಲಿ ಪ್ರಕಟಿಸಿದ ದಪ್ಪ ಗ್ರಂಥದಲ್ಲಿ ಈ ಪ್ರಯೋಗಕ್ಕೆ ಸಿಕ್ಕಿದ್ದು ಕೆಲವೇ ಪ್ಯಾರಾಗಳು. ನೌಕಾಪಡೆ ನಿಂಬೆರಸ ಹಂಚಲು ನಿರ್ಧರಿಸುವಾಗ 1795 ಬಂದಿತ್ತು. ಈ ನಡುವೆ ಸತ್ತವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ನಿಮ್ಮ ವರದಿಯ ಮುಖ್ಯ ಫಲಿತಾಂಶವನ್ನು ಮೊದಲ ಪುಟದಲ್ಲೇ ಬರೆಯಿರಿ.

ಈಗ ಬ್ಯಾಕ್ಟೀರಿಯಾ ಗುರುತಿಸುವ ವಿಷಯ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರ್ಲಿನ್ನಿನಲ್ಲಿದ್ದಾಗ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಿಗೆ ಬಣ್ಣ ಹಾಕುತ್ತಿದ್ದ. ಅಂಗಾಂಶದ ನಡುವೆ ಬ್ಯಾಕ್ಟೀರಿಯಾ ಎದ್ದು ಕಾಣಬೇಕು ಎಂಬುದಷ್ಟೇ ಅವನ ಉದ್ದೇಶ. ಕೆಲವು ಜೀವಿಗಳು ನೇರಳೆ ಬಣ್ಣವನ್ನು ಬಿಗಿಯಾಗಿ ಹಿಡಿದವು. ಟೈಫಾಯ್ಡ್ ಬ್ಯಾಕ್ಟೀರಿಯಾ ಮದ್ಯಸಾರ ತಾಗಿದೊಡನೆ ಬಣ್ಣ ಬಿಟ್ಟಿತು. ಬಣ್ಣ ನಿಲ್ಲದ್ದನ್ನೂ ಅವನು ಮುಚ್ಚಿಡದೆ ದಾಖಲಿಸಿದ, ತನ್ನ ವಿಧಾನ ಇನ್ನೂ ಅಪೂರ್ಣ ಎಂದೂ ಬರೆದ. ನೇರಳೆ ಉಳಿಸಿಕೊಳ್ಳುವವು ಗ್ರಾಮ್ ಪಾಸಿಟಿವ್, ಬಿಟ್ಟುಕೊಡುವವು ಗ್ರಾಮ್ ನೆಗೆಟಿವ್ ಎಂಬ ವಿಂಗಡಣೆ ನಿಂತಿರುವುದು ಆ ದಾಖಲೆಯ ಮೇಲೆಯೇ.

ನಿಮ್ಮ ಪ್ರಯೋಗಾಲಯದಲ್ಲಿ ಕೈತಪ್ಪುವುದು ಆ ಮದ್ಯಸಾರದ ಹಂತದಲ್ಲಿ. ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್, ಅದನ್ನು ಹಿಡಿದಿಡುವ ಅಯೋಡಿನ್ ಆದ ಮೇಲೆ ಸ್ಲೈಡನ್ನು ಓರೆಯಾಗಿ ಹಿಡಿದು ಹನಿ ಹನಿಯಾಗಿ ತೊಳೆಯುತ್ತೀರಿ. ಕೆಲವು ಸೆಕೆಂಡು ಹೆಚ್ಚಾದರೆ ನೇರಳೆಯಾಗಿ ಉಳಿಯಬೇಕಾದದ್ದೂ ಕೊನೆಯಲ್ಲಿ ಹಾಕುವ ಕೆಂಪು ಬಣ್ಣ ಸ್ಯಾಫ್ರನಿನ್ ಹೀರಿ ಕೆಂಪಗೆ ಕಾಣುತ್ತದೆ. ಹಳೆಯ ಕಲ್ಚರ್, ಅಂದರೆ ಬೆಳೆಸಿ ಬಹಳ ಹೊತ್ತಾದ ಬ್ಯಾಕ್ಟೀರಿಯಾ ಆದರೂ ಅಷ್ಟೇ, ಬಣ್ಣ ನಿಲ್ಲುವುದಿಲ್ಲ. ಆದ್ದರಿಂದ ಅದೇ ಸ್ಲೈಡಿನ ಒಂದು ತುದಿಗೆ ಗುರುತು ಗೊತ್ತಿರುವ, ನೇರಳೆಯಾಗಿ ಕಾಣಬೇಕಾದ ಸ್ಟ್ಯಾಫಿಲೊಕಾಕಸ್, ಇನ್ನೊಂದು ತುದಿಗೆ ಕೆಂಪಗೆ ಕಾಣಬೇಕಾದ ಇ. ಕೋಲಿ, ನಡುವೆ ನಿಮ್ಮ ಮಾದರಿಯನ್ನು ಸವರಿ. ಗೊತ್ತಿರುವ ಎರಡೂ ಸರಿಯಾದ ಬಣ್ಣದಲ್ಲಿ ಕಂಡರೆ ಮಾತ್ರ ನಡುವಿನದನ್ನು ನಂಬಿ.

ಸಸ್ಯಜನ್ಯ ಇಂಧನದ ಕಡೆಗೆ ಬಂದರೆ ನಮ್ಮ ದೇಶದ್ದೇ ಕಹಿ ಪಾಠವೊಂದಿದೆ. ಯೋಜನಾ ಆಯೋಗದ ಸಮಿತಿ 2003ರಲ್ಲಿ ಜಟ್ರೋಫಾ, ಅಂದರೆ ಕಾಡುಹರಳನ್ನು ನೆಚ್ಚಿಕೊಂಡು, 2011–12ರ ವೇಳೆಗೆ ಡೀಸೆಲ್‌ನಲ್ಲಿ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿತು. ಗುರಿ ಮುಟ್ಟಲಿಲ್ಲ. ಗಿಡ ಬರಡು ನೆಲದಲ್ಲಿ ಬದುಕುತ್ತದೆ, ನಿಜ. ಬದುಕುವುದು ಬೇರೆ, ಕಾಯಿ ಕಟ್ಟುವುದು ಬೇರೆ. ನೀರು ಗೊಬ್ಬರ ಕಂಡ ಗಿಡಗಳ ಇಳುವರಿಯನ್ನು ಪಾಳುಭೂಮಿಯ ಎಕರೆಗಳಿಂದ ಗುಣಿಸಿದರೆ ಕಾಗದದ ಮೇಲಷ್ಟೇ ಎಣ್ಣೆ ಸಿಗುತ್ತದೆ. ನೆಟ್ಟ ರೈತರ ವರ್ಷಗಳನ್ನು ಹಿಂದಿರುಗಿಸುವವರು ಯಾರು?

ನಿಮ್ಮಲ್ಲಿ ಹಲವರು ಹೊಂಗೆಯನ್ನು ಆರಿಸಿಕೊಂಡಿದ್ದೀರಿ, ಸಂತೋಷ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ, ಜೈವಿಕ ಇಂಧನದ ಪ್ರಾಜೆಕ್ಟುಗಳಿಗೂ ಅಲ್ಲಿ ಅವಕಾಶವಿದೆ. ಹೊಂಗೆ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚಿರಬಹುದು. ಮೊದಲು ಟೈಟ್ರೇಶನ್ ಮಾಡಿ, ಅಂದರೆ ಕ್ಷಾರವನ್ನು ಹನಿ ಹನಿಯಾಗಿ ಸೇರಿಸಿ, ಆಮ್ಲವನ್ನು ಅಳೆಯದೆ ನೇರವಾಗಿ ಮೆಥನಾಲ್, ಕ್ಷಾರ ಸುರಿದರೆ ಪಾತ್ರೆಯಲ್ಲಿ ಡೀಸೆಲ್ ಬದಲು ಸಾಬೂನು ಉಳಿಯುತ್ತದೆ. ಎಂಜಿನ್ ಓಡಿತು ಎಂದು ಬರೆದರೆ ಸಾಲದು. ಅದೇ ಎಂಜಿನ್, ಅದೇ ಹೊರೆ, ಮಾಮೂಲಿ ಡೀಸೆಲ್‌ನಲ್ಲಿ ಎಷ್ಟು ಹೊತ್ತು ಓಡಿತು ಎಂಬುದೂ ಪಕ್ಕದಲ್ಲಿರಬೇಕು.

ಇನ್ನೊಂದು ವಿಷಯ. ಹೊಂಗೆಯಲ್ಲಿ ಮರದಿಂದ ಮರಕ್ಕೆ ಇಳುವರಿಯೂ ಎಣ್ಣೆಯ ಅಂಶವೂ ಬದಲಾಗುತ್ತವೆ. ಬೇಸಿಗೆಯಲ್ಲಿ ಬೀಜ ಆಯುವಾಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಪ್ರತಿ ಮರಕ್ಕೂ ಬೇರೆ ಚೀಲವಿರಲಿ. ಅದರ ಮೇಲಿನ ಚೀಟಿಯಲ್ಲಿ ಮರದ ಸಂಖ್ಯೆ, ಜಾಗ, ಆಯ್ದ ದಿನಾಂಕ ಬರೆದಿರಲಿ. ಗಾಣಕ್ಕೆ ಹಾಕುವ ಮುನ್ನ ತೂಗಿ, ತೇವಾಂಶ ನೋಡಿ ಬರೆದಿಡಿ. ಈ ಚೀಟಿಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಈಗಲೇ ಕೇಳಿ, ಅದರಿಂದಲೇ ಚರ್ಚೆ ಶುರು ಮಾಡೋಣ.