ಬಾಯಿ ಮಾತು ಸಾಲದು, ಕಾಗದ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಕೆಲಸದ ಜಾಗದಲ್ಲೋ ಮಕ್ಕಳ ಶಾಲೆಯಲ್ಲೋ ಭೇದಭಾವ ಆದರೆ ವಕೀಲರ ಸಹಾಯ ಹೇಗೆ ಸಿಗುತ್ತದೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಕಾನೂನುಗಳ ಪಟ್ಟಿ ಓದಿ ನಿಮ್ಮ ತಲೆ ತಿನ್ನುವುದಿಲ್ಲ. ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಆದದ್ದನ್ನು ಬರೆದು ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ನಮ್ಮ ಹತ್ತಿರ ಬರುವವರ ಮಾತು ಹೀಗಿರುತ್ತದೆ. "ನಾನು ಬಸುರಿ ಅಂತ ಗೊತ್ತಾದ ಮೇಲೆ ನಾಳೆಯಿಂದ ಬರಬೇಡಿ ಅಂದರು ಮೇಡಂ." "ಮಗನಿಗೆ ಕಿವಿ ಕೇಳಿಸಲ್ಲ, ನಮ್ಮ ಶಾಲೆ ಅವನಿಗೆ ಆಗಲ್ಲ ಅಂದರು." ಯಾರು ಅಂದರು, ಯಾವತ್ತು ಅಂದರು? ನೆನಪಿಲ್ಲ. ಬರೆದು ಕೊಟ್ಟರಾ? ಇಲ್ಲ. ನೀವಾದರೂ ಬರೆದು ಕೇಳಿದಿರಾ? ಅದೂ ಇಲ್ಲ. ಆಮೇಲೆ ನಾವು ನೋಟಿಸ್ ಕಳಿಸಿದರೆ "ಹಾಗೆ ಹೇಳೇ ಇಲ್ಲ" ಅಂತ ಒಂದೇ ಸಾಲಿನ ಉತ್ತರ ಬರುತ್ತದೆ.

ಇಲ್ಲಿ ಕೊಡಗಿನ ಸಿ. ಬಿ. ಮುತ್ತಮ್ಮನವರ ವಿಷಯ ಹೇಳಲೇಬೇಕು. ವಿರಾಜಪೇಟೆಯ ಹೆಣ್ಣುಮಗಳು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು, ಆ ಸೇವೆಗೆ ಹೋದ ಮೊದಲ ಮಹಿಳೆ ಅವರೇ. ಸೇರುವಾಗಲೇ, ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ ಅವರಿಂದ ಬರೆಸಿಕೊಂಡರು. ಆಮೇಲೆ 1961ರ ನಿಯಮಗಳು ಬಂದವು. ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದು. ಇನ್ನೊಂದು ನಿಯಮದಲ್ಲಿ, ಮದುವೆಯಾದ ಹೆಣ್ಣು ಈ ಸೇವೆಯಲ್ಲಿ ನೇಮಕವನ್ನು ಹಕ್ಕಾಗಿ ಕೇಳುವಂತಿಲ್ಲ ಅಂತಲೇ ಬರೆದಿತ್ತು. ಗಂಡಸಿಗೆ? ಸಂಸಾರ ಅವನಿಗೂ ಇರುತ್ತದೆ ಅಲ್ವಾ, ಆದರೂ ಅವನಿಗೆ ಇದ್ಯಾವುದೂ ಇಲ್ಲ! ಹಂಗೇರಿಯಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದ್ದ ಮುತ್ತಮ್ಮನವರಿಗೆ ಮೇಲಿನ ಬಡ್ತಿ ತಪ್ಪಿತು. ಅವರು ಸುಮ್ಮನೆ ಕೂರಲಿಲ್ಲ, ನೇರ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಒಂದು ನಿಯಮ ಆಗಲೇ ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತೇವೆ ಅಂತ ಕೋರ್ಟಿನ ಮುಂದೆ ಹೇಳಬೇಕಾಯಿತು. ಬಡ್ತಿ ಸಿಕ್ಕಿದ್ದರಿಂದ 1979ರಲ್ಲಿ ಅರ್ಜಿಯನ್ನೇನೋ ಮುಗಿಸಿದರು, ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಚೆನ್ನಾಗಿ ಝಾಡಿಸಿ ತೀರ್ಪು ಬರೆದರು, ಮುತ್ತಮ್ಮನವರ ಹಿರಿತನವನ್ನು ಮತ್ತೆ ಪರಿಶೀಲಿಸಿ ಅಂತ ಸರ್ಕಾರಕ್ಕೂ ಹೇಳಿದರು. ಈ ತೀರ್ಪನ್ನು ನಾನು ಎಷ್ಟು ಸಲ ಓದಿದರೂ ಖುಷಿಯಾಗುತ್ತದೆ.

ಆ ಕೇಸಿಗೆ ಬಲ ಬಂದದ್ದು ಯಾಕೆ? ಭೇದಭಾವ ನಿಯಮದಲ್ಲೇ ಅಚ್ಚಾಗಿ ಕಣ್ಣೆದುರಿಗಿತ್ತು. ಈಗ ಯಾರೂ ಅಷ್ಟು ದಡ್ಡರಲ್ಲ, ಎಲ್ಲ ಬಾಯಲ್ಲೇ ಮುಗಿಸುತ್ತಾರೆ. ಅದಕ್ಕೇ ಕಾಗದ ಹುಟ್ಟಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಅವತ್ತೇ ರಾತ್ರಿ ಒಂದು ಪತ್ರವೋ ಇಮೇಲೋ ಕಳಿಸಿ. "ಇಂದು ಬೆಳಿಗ್ಗೆ ಇಂಥವರು ನನಗೆ ಹೀಗೆ ಹೇಳಿದರು, ಕಾರಣವನ್ನು ಲಿಖಿತವಾಗಿ ತಿಳಿಸಿ." ಇಷ್ಟೇ ಸಾಕು. ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ.

ಶಾಲೆಯಲ್ಲಾದರೆ ಮುಖ್ಯ ಶಿಕ್ಷಕರಿಗೆ ಅರ್ಜಿ, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಅದರ ಒಂದು ಪ್ರತಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಮಗುವನ್ನು ಬೇರೆ ಕೂರಿಸಿದರೂ, ಹೊಡೆದರೂ, ಹೀಯಾಳಿಸಿದರೂ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. "ನಾವೇ ಕೇಳಿ ಟಿಸಿ ಪಡೆದಿದ್ದೇವೆ" ಅಂತ ಬರೆದ ಹಾಳೆಗೆ ದಯವಿಟ್ಟು ಸಹಿ ಹಾಕಬೇಡಿ. ಅಂಗವೈಕಲ್ಯ ಇರುವ ಮಕ್ಕಳಿಗೆ 2016ರ ಕಾಯ್ದೆಯೂ ಇದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳಿಬಿಡುತ್ತೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ ದೂರನ್ನು 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಚಿಕ್ಕ ಅಂಗಡಿ, ಮನೆಗೆಲಸ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಪರಿಶಿಷ್ಟ ಜಾತಿ ಪಂಗಡದವರನ್ನು ಜಾತಿ ಹೆಸರು ಹಿಡಿದು ನಾಲ್ಕು ಜನರೆದುರು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಗೆ ದೂರು ಕೊಡಿ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

"ವಕೀಲರಿಗೆ ದುಡ್ಡು ಎಲ್ಲಿಂದ ತರಲಿ?" ಈ ಪ್ರಶ್ನೆ ಕೇಳಿ ಕೇಳಿ ನನಗೆ ಬೇಜಾರಾಗಿದೆ, ಯಾಕೆಂದರೆ ಉತ್ತರ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕೋರ್ಟ್ ಫೀಸೂ ನೀವು ಕಟ್ಟಬೇಕಿಲ್ಲ. ನಿಮ್ಮ ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಬರುವಾಗ ಸೀಲು ಬಿದ್ದ ಅರ್ಜಿ, ನೇಮಕಾತಿ ಪತ್ರ ಅಥವಾ ಸಂಬಳದ ಚೀಟಿ, ಶಾಲೆಯ ರಸೀದಿ, ಏನಿದೆಯೋ ಅದನ್ನೆಲ್ಲ ತನ್ನಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿರಿ, ಮೂಲ ಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ. ನಮಸ್ಕಾರ.