ಈಥನ್ ಫ್ರೋಮ್ ಊರು ಬಿಟ್ಟು ಯಾಕೆ ಹೋಗಲಿಲ್ಲ?

[ಪರದೆ: ಹಿಮ ಮುಚ್ಚಿದ ಹೊಲ, ನಡುವೆ ಹಳೇ ಮರದ ಮನೆ]

ನಮಸ್ಕಾರ. ಅಮೆರಿಕದ ಹೈಸ್ಕೂಲುಗಳ ಇಂಗ್ಲಿಷ್ ಕ್ಲಾಸಿನಲ್ಲಿ ಹಲವು ವರ್ಷಗಳಿಂದ ಓದಿಸುತ್ತಾ ಬಂದಿರುವ ಪುಟ್ಟ ಕಾದಂಬರಿ ಒಂದಿದೆ. ಈಡಿತ್ ವಾರ್ಟನ್ ಬರೆದ ‘ಈಥನ್ ಫ್ರೋಮ್’, ಪ್ರಕಟವಾಗಿದ್ದು 1911ರಲ್ಲಿ. ಎಷ್ಟೋ ಮಕ್ಕಳು ಬೈದುಕೊಂಡೇ ಓದುವ ಪುಸ್ತಕ. ಅಲ್ಲಿರುವ ಕನ್ನಡದ ಮನೆಗಳಲ್ಲೂ ಯಾರೋ ಇದನ್ನು ಹಿಡಿದುಕೊಂಡು ಗೊಣಗುತ್ತಿರಬಹುದು. ಈ ವಿಡಿಯೋ ಅವರಿಗೆ. ಹೋಮ್‌ವರ್ಕ್ ಹೇಳಿಕೊಡಲು ಹೋಗಿ ಸಿಕ್ಕಿಹಾಕಿಕೊಂಡ ಅಪ್ಪ ಅಮ್ಮಂದಿರಿಗೂ ಕೂಡ.

ಕಥೆ ಬೇಗ ಹೇಳಿಬಿಡುತ್ತೇನೆ. ಮ್ಯಾಸಚೂಸೆಟ್ಸ್‌ನಲ್ಲಿ ಸ್ಟಾರ್ಕ್‌ಫೀಲ್ಡ್ ಅನ್ನುವ ಕಲ್ಪನೆಯ ಹಳ್ಳಿ. ಈಥನ್‌ಗೆ 28 ವರ್ಷ. ಒಣಗಿದ ಹೊಲ, ನಷ್ಟದ ಸಾಮಿಲ್ಲು. ಹೆಂಡತಿ ಜೀನಾ ಏಳು ವರ್ಷ ದೊಡ್ಡವಳು, ಸದಾ ಕಾಯಿಲೆಯ ಮಾತು. ಅವಳ ಸಂಬಂಧಿ ಮ್ಯಾಟಿ ಸಂಬಳವಿಲ್ಲದೆ ಮನೆಗೆಲಸ ಮಾಡುತ್ತಾಳೆ. ಈಥನ್‌ಗೆ ಮ್ಯಾಟಿ ಮೇಲೆ ಪ್ರೀತಿ. ಜೀನಾ ಅವಳನ್ನು ಮನೆಯಿಂದ ಕಳಿಸುತ್ತಾಳೆ. ಹೊರಡುವ ಸಂಜೆ ಇಬ್ಬರೂ ಹಿಮದ ಇಳಿಜಾರಿನಲ್ಲಿ ಸ್ಲೆಡ್ (ಹಿಮದ ಮೇಲೆ ಜಾರುವ ಗಾಡಿ) ಏರಿ, ಬೇಕೆಂದೇ ದೊಡ್ಡ ಎಲ್ಮ್ ಮರಕ್ಕೆ ಗುದ್ದುತ್ತಾರೆ. ಸಾಯುವುದಿಲ್ಲ. 24 ವರ್ಷ ಕಳೆದ ಮೇಲೂ ಮೂವರೂ ಅದೇ ಮನೆಯಲ್ಲಿರುತ್ತಾರೆ. ಮ್ಯಾಟಿ ಕುರ್ಚಿ ಬಿಟ್ಟು ಏಳಲಾರಳು. ನೋಡಿಕೊಳ್ಳುವವಳು ಜೀನಾ.

ಓದಿದ ಮಕ್ಕಳು ಕೇಳುವುದು ಒಂದೇ: ಈ ಮನುಷ್ಯ ಸುಮ್ನೆ ಬಿಟ್ಟು ಹೋಗಬಹುದಿತ್ತಲ್ವಾ?

ಇದನ್ನು ಸೋಮಾರಿ ಪ್ರಶ್ನೆ ಅಂತ ತಳ್ಳಿಹಾಕಬೇಡಿ. ನ್ಯಾಚುರಲಿಸಂ ಅನ್ನುವ ಸಾಹಿತ್ಯ ಪಂಥದ ಪಾಠವೆಲ್ಲ ಇದರೊಳಗೇ ಇದೆ.

[ಪರದೆ: ಎಮಿಲ್ ಜೋಲಾ ಚಿತ್ರ, 1880]

ಆ ಪಂಥದ ಮುಂದಾಳು, ಫ್ರಾನ್ಸಿನ ಕಾದಂಬರಿಕಾರ ಜೋಲಾ 1880ರಲ್ಲಿ ಹೇಳಿದ್ದು ಹೀಗೆ: ಕಾದಂಬರಿಕಾರ ವಿಜ್ಞಾನಿಯ ಹಾಗೆ ಕೆಲಸ ಮಾಡಬೇಕು. ಒಬ್ಬ ಮನುಷ್ಯನನ್ನು ಒಂದು ಪರಿಸರದಲ್ಲಿ ಇಟ್ಟು, ಏನಾಗುತ್ತದೆ ನೋಡಬೇಕು. ಹುಟ್ಟು, ಬಡತನ, ಹವಾಮಾನ, ದೇಹ, ಇವೇ ಬದುಕನ್ನು ಜಾಸ್ತಿ ನಡೆಸುತ್ತವೆ. ಮನಸ್ಸಿನ ಪಾಲು ಕಮ್ಮಿ. ಅಮೆರಿಕದಲ್ಲಿ ಸ್ಟೀಫನ್ ಕ್ರೇನ್, ಥಿಯೊಡೋರ್ ಡ್ರೈಸರ್ ಈ ದಾರಿಯಲ್ಲಿ ಬರೆದರು. ವಾರ್ಟನ್ ಪೂರ್ತಿ ಆ ಗುಂಪಿಗೆ ಸೇರಿದವರಲ್ಲ, ಆದರೆ ಈ ಪುಸ್ತಕ ಆ ಪಾಠಕ್ಕೆ ಚೆನ್ನಾಗಿ ಒದಗುತ್ತದೆ.

ಕ್ಲಾಸಿನಲ್ಲಿ ಸಾಮಾನ್ಯವಾಗಿ ನಡೆಯುವುದು ಸಂಕೇತಗಳ ಬೇಟೆ. ಮ್ಯಾಟಿಯ ಕೆಂಪು ಸ್ಕಾರ್ಫ್ ಅಂದರೆ ಆಸೆ. ಬೆಕ್ಕು ಒಡೆದ ಕೆಂಪು ಗಾಜಿನ ಉಪ್ಪಿನಕಾಯಿ ತಟ್ಟೆ ಅಂದರೆ ಮುರಿದ ಮದುವೆ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಪುಸ್ತಕ ಬಣ್ಣದ ಪಟ್ಟಿಯಾಗಿಬಿಡುತ್ತದೆ. ನನ್ನ ಸಲಹೆ, ಒಂದು ಪೆನ್ಸಿಲ್ ತಗೊಂಡು ದುಡ್ಡಿನ ಮಾತು ಬಂದ ಕಡೆಯೆಲ್ಲ ಗೆರೆ ಎಳೆಯಿರಿ.

[ಪರದೆ: ಹಳೇ ಲೆಕ್ಕದ ಪುಸ್ತಕ]

ಈಥನ್ ವೂಸ್ಟರ್‌ನ ತಾಂತ್ರಿಕ ಕಾಲೇಜಿನಲ್ಲಿ ಓದಿದವನು. ಅಪ್ಪ ಸತ್ತರು, ಓದು ನಿಂತಿತು. ಅಮ್ಮ ಕಾಯಿಲೆ ಬಿದ್ದು ಮಾತೇ ಬಿಟ್ಟರು. ನೋಡಿಕೊಳ್ಳಲು ಬಂದವಳೇ ಜೀನಾ. ಅಮ್ಮ ತೀರಿಹೋದಾಗ, ಆ ಮನೆಯಲ್ಲಿ ಒಬ್ಬನೇ ಚಳಿಗಾಲ ಕಳೆಯುವ ಭಯಕ್ಕೆ ಜೀನಾಳನ್ನು ಉಳಿಸಿಕೊಂಡ. ಅಮ್ಮ ಸತ್ತಿದ್ದು ಚಳಿಗಾಲದ ಬದಲು ವಸಂತದಲ್ಲಾಗಿದ್ದರೆ ಈ ಮದುವೆ ಆಗುತ್ತಲೇ ಇರಲಿಲ್ಲ ಅಂತ ಅವನಿಗೇ ಆಮೇಲೆ ಅನ್ನಿಸುತ್ತದೆ. ಒಬ್ಬ ಮನುಷ್ಯನ ಇಡೀ ಬದುಕು ಋತುವಿನ ಲೆಕ್ಕಕ್ಕೆ ಬಂದು ನಿಂತಿದೆ. ನ್ಯಾಚುರಲಿಸಂಗೆ ಉದಾಹರಣೆ ಕೊಡಿ ಅಂದರೆ ನಾನು ಕಣ್ಣು ಮುಚ್ಚಿ ಕೊಡುವುದು ಇದನ್ನೇ.

ಇನ್ನು ಒಂದು ಸುಳ್ಳಿನ ಕಥೆ ನೋಡಿ. ಜೀನಾ ಹೊಸ ಡಾಕ್ಟರ್ ನೋಡಲು ಬೇರೆ ಊರಿಗೆ ಹೊರಟಾಗ, ಅವಳನ್ನು ಬಿಟ್ಟುಬರುವುದನ್ನು ತಪ್ಪಿಸಿಕೊಳ್ಳಲು ಈಥನ್ ಒಂದು ನೆಪ ಹೇಳುತ್ತಾನೆ: ತನ್ನಿಂದ ಮರ ಕೊಳ್ಳುವ, ಊರಿನ ಮನೆ ಕಟ್ಟುವ ಆಂಡ್ರೂ ಹೇಲ್ ಹತ್ತಿರ ಮರದ ದುಡ್ಡು ಇಸಿದುಕೊಳ್ಳಬೇಕು. ಆಮೇಲೆ ಆ ಮಾತು ನಿಜ ಮಾಡಲು 50 ಡಾಲರ್ ಮುಂಗಡ ಕೇಳಿ, ಇಲ್ಲ ಅನ್ನಿಸಿಕೊಳ್ಳುತ್ತಾನೆ. ಜೀನಾ ವಾಪಸ್ ಬಂದವಳೇ ಸಂಬಳದ ಕೆಲಸದವಳನ್ನು ಗೊತ್ತುಮಾಡಿದ್ದೇನೆ ಅನ್ನುತ್ತಾಳೆ. ದುಡ್ಡೆಲ್ಲಿದೆ ಅಂದರೆ, ಹೇಲ್ ಕೊಡುತ್ತಾನೆ ಅಂದಿದ್ದು ನೀನೇ ಅಲ್ವಾ! ಮ್ಯಾಟಿ ಹೊರಗೆ ಬೀಳುವುದಕ್ಕೆ ಆ ಸುಳ್ಳೂ ಕೈಜೋಡಿಸುತ್ತದೆ.

ಅವತ್ತು ರಾತ್ರಿ ಈಥನ್ ನಿಜವಾಗಿಯೂ ಹೊರಡುವ ಯೋಚನೆ ಮಾಡುತ್ತಾನೆ. ಮ್ಯಾಟಿಯ ಜೊತೆ ಪಶ್ಚಿಮದ ಕಡೆಗೆ. ಜೀನಾಗೆ ಪತ್ರ ಬರೆಯಲೂ ಕೂರುತ್ತಾನೆ. ಆಗ ಲೆಕ್ಕ ಎದುರಿಗೆ ಬರುತ್ತದೆ. ಹೊಲ, ಮಿಲ್ಲು ಎರಡೂ ಅಡವಿನಲ್ಲಿವೆ. ಊರಲ್ಲಿ ಯಾರೂ 10 ಡಾಲರ್ ಸಾಲ ಕೂಡ ಕೊಡುವುದಿಲ್ಲ. ಪಕ್ಕದಲ್ಲೇ ಬಿದ್ದ ಪತ್ರಿಕೆಯಲ್ಲಿ ಪಶ್ಚಿಮಕ್ಕೆ ರಿಯಾಯಿತಿ ದರದ ರೈಲು ಪ್ರಯಾಣದ ಜಾಹೀರಾತು. ಆ ರಿಯಾಯಿತಿ ಟಿಕೆಟ್ಟಿಗೂ ದುಡ್ಡಿಲ್ಲ.

ಮ್ಯಾಟಿ ಒಬ್ಬಳೇ ಎಲ್ಲಾದರೂ ಬದುಕಬಹುದಿತ್ತಾ? ಹಿಂದೆ ಶಾರ್ಟ್‌ಹ್ಯಾಂಡ್, ಲೆಕ್ಕ ಬರೆಯುವುದು ಕಲಿಯಲು ಹೋಗಿ ಆರೋಗ್ಯ ಕೆಟ್ಟಿತ್ತು. ಅಂಗಡಿಯಲ್ಲಿ ಆರು ತಿಂಗಳು ನಿಂತು ಕೆಲಸ ಮಾಡಿ ಇನ್ನಷ್ಟು ಸೋತಿದ್ದಳು. ಅಪ್ಪ ಸಂಬಂಧಿಕರ ದುಡ್ಡು ಮುಳುಗಿಸಿ ಸತ್ತಿದ್ದರಿಂದ ಆಸರೆಗೂ ಹೆಚ್ಚು ಬಾಗಿಲುಗಳಿಲ್ಲ.

[ಪರದೆ: ಲೆನಾಕ್ಸ್‌ನ ‘ದಿ ಮೌಂಟ್’ ಬಂಗಲೆ]

ಇದನ್ನೆಲ್ಲ ಬರೆದವರು ಭಾರೀ ಶ್ರೀಮಂತರು. ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ ವಾರ್ಟನ್‌ಗೆ ದೊಡ್ಡ ಬಂಗಲೆ ಇತ್ತು. ಅದೇ ಊರಲ್ಲಿ 1904ರಲ್ಲಿ ಸ್ಲೆಡ್ ಅಪಘಾತವಾಗಿ ಒಬ್ಬ ಹುಡುಗಿ ಸತ್ತಿದ್ದಳು. ಕಥೆಯ ಬೀಜ ಅಲ್ಲಿದೆ. ಬಡವರನ್ನು ದೂರದಿಂದ ನೋಡಿ ಬರೆದದ್ದು ಅನ್ನುವ ತಕರಾರು ಬರುತ್ತದೆ. ಬರಬೇಕಾದ್ದೇ. ವಿಮರ್ಶಕ ಲಯೋನೆಲ್ ಟ್ರಿಲ್ಲಿಂಗ್‌ಗೂ ಈ ಪುಸ್ತಕ ಹಿಡಿಸಲಿಲ್ಲ. ಇಲ್ಲಿಯ ಜನ ಯೋಚಿಸಿ ಆರಿಸಿಕೊಳ್ಳುವುದಿಲ್ಲ, ಅಭ್ಯಾಸದ ಬಲಕ್ಕೆ ನಡೆದುಕೊಳ್ಳುತ್ತಾರೆ ಅನ್ನುವುದು ಅವರ ಮಾತಿನ ಸಾರ. ಅದನ್ನು ಒಪ್ಪದೇ ವಾದ ಮಾಡಿದರೂ ಒಳ್ಳೆಯ ಪ್ರಬಂಧವಾಗುತ್ತದೆ.

ಇನ್ನೊಂದು ತೊಡಕು ಇದೆ, ಇದನ್ನು ತುಂಬಾ ಮಕ್ಕಳು ಬಿಟ್ಟುಬಿಡುತ್ತಾರೆ. ಕಥೆ ಹೇಳುವವನು ಕೆಲಸದ ಮೇಲೆ ಬಂದ ಒಬ್ಬ ಎಂಜಿನಿಯರ್, ಹೆಸರಿಲ್ಲ. ಊರಿನವರ ತುಂಡು ಮಾತು ಕೇಳಿ, ಹಿಮಗಾಳಿಯ ಒಂದು ರಾತ್ರಿ ಈಥನ್ ಮನೆಯಲ್ಲಿ ಉಳಿದು, ಉಳಿದದ್ದನ್ನು ತಾನೇ ಜೋಡಿಸಿಕೊಳ್ಳುತ್ತಾನೆ. ಅಂದರೆ ನಾವು ಓದುವ ಪ್ರೇಮಕಥೆ ಬಹುಪಾಲು ಅವನ ಊಹೆ. ವಿಜ್ಞಾನಿಯ ಕಣ್ಣು ಅಂದುಕೊಂಡಿದ್ದು ಎಷ್ಟು ನಂಬಬೇಕೋ!

ಈಗ ಪ್ರಬಂಧಕ್ಕೆ ಬರೋಣ. ಎಲ್ಲ ದೋಷವನ್ನೂ ಹಿಮ ಮತ್ತು ಬಡತನದ ತಲೆಗೆ ಕಟ್ಟಿ ಮುಗಿಸಬೇಡಿ. ಎಂಟನೇ ಅಧ್ಯಾಯ ತೆಗೆಯಿರಿ. ಜೀನಾಳ ಕಾಯಿಲೆಯ ನೆಪ ಹೇಳಿ ದುಡ್ಡು ಕೇಳಲು ಈಥನ್ ಮತ್ತೆ ಹೇಲ್ ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಹೇಲ್ ಹೆಂಡತಿ ಸಿಕ್ಕಿ, ನೀನು ತುಂಬಾ ಕಷ್ಟಪಟ್ಟಿದ್ದೀಯ ಅಂತ ಮರುಗುತ್ತಾರೆ. ಅವನ ಬಗ್ಗೆ ಹಾಗೆ ಮರುಗಿದವರು ಕಮ್ಮಿ. ಇಂಥ ಒಳ್ಳೆಯವರಿಗೆ ಮೋಸ ಮಾಡುವುದಾ ಅಂತ ಈಥನ್ ತಿರುಗಿ ಮನೆಗೆ ಹೋಗುತ್ತಾನೆ. ಇಲ್ಲಿ ಅವನನ್ನು ತಡೆದದ್ದು ಪರಿಸರವಾ, ಅವನ ಸ್ವಂತ ಮನಸ್ಸಾ? ಎರಡೂ ಕಡೆಗೆ ವಾದ ಮಾಡಲು ಬೇಕಾದ ಸಾಲುಗಳು ಅಲ್ಲೇ ಇವೆ. ನಿಮ್ಮ ಪ್ರಬಂಧ ಆ ಪುಟದಿಂದ ಶುರುವಾಗಲಿ.